ಸಹಿ ಬಿದ್ದ ರಾತ್ರಿ, ತಲೆ ಎಣಿಸಿದ ಮಧ್ಯಾಹ್ನ



ಪ್ರಜಾಪ್ರಭುತ್ವದ ಬಗ್ಗೆ ನಾಲ್ಕು ಮಾತಾಡಿ ಎಂದು ಬಾನುಲಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಬಾನುಲಿಯೇ. 1975ರ ಜೂನ್ 26ರ ಬೆಳಗ್ಗೆ ತುರ್ತು ಪರಿಸ್ಥಿತಿಯ ಸುದ್ದಿ ದೇಶಕ್ಕೆ ತಲುಪಿದ್ದು ರೇಡಿಯೋದಿಂದ. ಪ್ರಧಾನಿ ಇಂದಿರಾ ಗಾಂಧಿಯವರೇ ಮೈಕಿನ ಮುಂದೆ ಕೂತು, ರಾಷ್ಟ್ರಪತಿಯವರು ತುರ್ತು ಪರಿಸ್ಥಿತಿ ಘೋಷಿಸಿದ್ದಾರೆ, ಗಾಬರಿಪಡುವಂಥದ್ದೇನೂ ಇಲ್ಲ ಎಂದರು. ದಿಲ್ಲಿಯ ಬಹಳಷ್ಟು ಮನೆಗಳಿಗೆ ಅವತ್ತು ಪತ್ರಿಕೆ ಬಂದಿರಲಿಲ್ಲ. ಬಹಾದ್ದೂರ್ ಷಾ ಜಫರ್ ಮಾರ್ಗದ ಮುದ್ರಣಾಲಯಗಳಿಗೆ ರಾತ್ರಿಯೇ ಕರೆಂಟು ತೆಗೆದಿದ್ದರು. ಹಾಗಾಗಿ ಆ ಬೆಳಗ್ಗೆ ದೇಶಕ್ಕೆ ಇದ್ದದ್ದು ಒಂದೇ ದನಿ, ಸರ್ಕಾರದ ದನಿ.

ಆ ರಾತ್ರಿ ಏನೇನು ನಡೆಯಲಿಲ್ಲ ಎಂಬುದನ್ನು ಗಮನಿಸಬೇಕು. ಸೈನ್ಯ ಬೀದಿಗಿಳಿಯಲಿಲ್ಲ. ಸಂಸತ್ ಭವನದ ಮೇಲೆ ಯಾರೂ ಗುಂಡು ಹಾರಿಸಲಿಲ್ಲ. ಸಂವಿಧಾನವನ್ನು ಯಾರೂ ಹರಿದುಹಾಕಲೂ ಇಲ್ಲ. ಅದರ 352ನೇ ವಿಧಿಯನ್ನು ತೆರೆದು, ಅದರಲ್ಲಿದ್ದ ಅಧಿಕಾರವನ್ನೇ ಬಳಸಿಕೊಂಡರು, ಅಷ್ಟೆ. ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು ರಾಯ್‌ಬರೇಲಿಯಿಂದ ಇಂದಿರಾ ಗೆದ್ದ ಚುನಾವಣೆಯನ್ನೇ ಅಸಿಂಧು ಎಂದಿದ್ದರು. 24ರಂದು ಸುಪ್ರೀಂ ಕೋರ್ಟಿನ ರಜಾಕಾಲದ ನ್ಯಾಯಮೂರ್ತಿ ವಿ.ಆರ್. ಕೃಷ್ಣಯ್ಯರ್ ಅವರು, ಪ್ರಧಾನಿಯಾಗಿ ಮುಂದುವರಿಯಬಹುದು, ಲೋಕಸಭೆಯಲ್ಲಿ ಮತ ಹಾಕುವಂತಿಲ್ಲ ಎಂಬ ಅರೆಬರೆ ತಡೆಯಾಜ್ಞೆ ಕೊಟ್ಟರು. 25ರ ಸಂಜೆ ರಾಮಲೀಲಾ ಮೈದಾನದಲ್ಲಿ ಜಯಪ್ರಕಾಶ್ ನಾರಾಯಣ್ ಅವರ ದೊಡ್ಡ ಸಭೆ. ಅದೇ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರ ಸಹಿ ಬಿತ್ತು. ಸಚಿವ ಸಂಪುಟ ಸೇರಿದ್ದು ಮರುದಿನ ಬೆಳಗ್ಗೆ ಆರಕ್ಕೆ. ಅಂದರೆ ದೇಶದ ಮಂತ್ರಿಗಳು ಒಪ್ಪಿಗೆ ಕೊಡುವ ಹೊತ್ತಿಗೆ, ಒಪ್ಪಿಗೆ ಬೇಕಾಗಿದ್ದ ಕೆಲಸ ಮುಗಿದು ವಿರೋಧ ಪಕ್ಷದ ಮುಖಂಡರು ಬಂಧನದಲ್ಲಿದ್ದರು. ಮಂತ್ರಿಗಳು ಸಮ್ಮತಿಸಿ ಎದ್ದು ಬಂದರು.

ನಮ್ಮ ಬೆಂಗಳೂರಿಗೂ ಆ ಬೆಳಗ್ಗೆಗೂ ನಂಟುಂಟು. ಅಟಲ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಈ ನಾಲ್ವರೂ ಆಗ ಬೆಂಗಳೂರಿನಲ್ಲಿದ್ದರು. ಸಂಸತ್ತಿನ ಜಂಟಿ ಸಮಿತಿಯ ಸಭೆಗೆ ಬಂದವರು ಇಲ್ಲೇ ಬಂಧನಕ್ಕೊಳಗಾಗಿ ಬೆಂಗಳೂರು ಕೇಂದ್ರ ಕಾರಾಗೃಹ ಸೇರಿದರು. ಈಗ ಅದೇ ಜಾಗ ಸ್ವಾತಂತ್ರ್ಯ ಉದ್ಯಾನ. ಪ್ರತಿಭಟನೆ ಮಾಡಬೇಕೆಂದರೆ ಪೊಲೀಸರು ಅಲ್ಲಿಗೇ ಹೋಗಿ ಅನ್ನುತ್ತಾರೆ. ಆ ಸಮಿತಿ ಸೇರಿದ್ದು ಯಾವ ವಿಷಯಕ್ಕೆ ಗೊತ್ತೇ? ಪಕ್ಷಾಂತರ ತಡೆಯುವ ಮಸೂದೆಯ ಪರಿಶೀಲನೆಗೆ. ಶಾಸಕ ಸಂಸದರು ಪಕ್ಷದಿಂದ ಪಕ್ಷಕ್ಕೆ ಹಾರುವ ಈ ಪಿಡುಗಿನ ಮಾತು ಮುಂದೆ ಬರುತ್ತದೆ.

ಜೈಲಿನಿಂದ ಅವರು ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತನ್ನಿ, ಹಿಡಿದದ್ದು ಯಾಕೆಂದು ಹೇಳಿ ಎಂದು ಕೇಳುವ ಅರ್ಜಿ ಇದು. ಅವರಿಗಾಗಿ ಓಡಾಡಿದ ವಕೀಲ ಎಂ. ರಾಮಾ ಜೋಯಿಸ್ ಅವರನ್ನೂ ಆಮೇಲೆ ಜೈಲಿಗೆ ಹಾಕಿದರು. ಅರ್ಜಿ ಕೇಳಿದ ನ್ಯಾಯಮೂರ್ತಿಗಳು ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ. ತುರ್ತು ಪರಿಸ್ಥಿತಿ ಇದ್ದರೂ ಇಂಥ ಅರ್ಜಿಯನ್ನು ಕೇಳುವ ಅಧಿಕಾರ ಕೋರ್ಟಿಗಿದೆ ಎಂದರು ಅವರು. 1976ರಲ್ಲಿ ಹೈಕೋರ್ಟುಗಳ 16 ನ್ಯಾಯಮೂರ್ತಿಗಳಿಗೆ ವರ್ಗಾವಣೆಯಾಯಿತು; ಅವರಲ್ಲಿ ಈ ಇಬ್ಬರೂ ಇದ್ದರು, ಒಬ್ಬರು ಅಲಹಾಬಾದಿಗೆ, ಇನ್ನೊಬ್ಬರು ಗುವಾಹಟಿಗೆ. ಬೇರೆ ಹಲವು ಹೈಕೋರ್ಟುಗಳೂ ಇದೇ ನಿಲುವು ತಳೆದಿದ್ದವು. ಕೊನೆಗೆ ಎಲ್ಲವೂ ಸುಪ್ರೀಂ ಕೋರ್ಟಿಗೆ ಹೋಗಿ, 1976ರ ಏಪ್ರಿಲ್ 28ರಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಸರ್ಕಾರದ ಕಡೆ ತೀರ್ಪು ಕೊಟ್ಟರು. ತುರ್ತು ಪರಿಸ್ಥಿತಿ ಇರುವ ತನಕ ಬಂಧಿತನಿಗೆ ಕೋರ್ಟಿನ ಬಾಗಿಲು ಮುಚ್ಚಿದಂತೆಯೇ ಎಂಬುದು ಅದರ ಸಾರ. ಒಪ್ಪದೆ ಭಿನ್ನ ತೀರ್ಪು ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಸೇವಾ ಹಿರಿತನದಲ್ಲಿ ಮುಖ್ಯ ನ್ಯಾಯಮೂರ್ತಿಯ ಪೀಠ ಅವರಿಗೆ ಬರಬೇಕಿತ್ತು. 1977ರ ಜನವರಿಯಲ್ಲಿ ಅದು ಕಿರಿಯರಾದ ಎಂ.ಎಚ್. ಬೇಗ್ ಅವರ ಪಾಲಾಯಿತು. ಖನ್ನಾ ರಾಜೀನಾಮೆ ಕೊಟ್ಟು ಮನೆಗೆ ಹೋದರು.

ಅದೇ ಜನವರಿಯಲ್ಲಿ ಬೆಂಗಳೂರಿನಲ್ಲಿ ಸ್ನೇಹಲತಾ ರೆಡ್ಡಿ ತೀರಿಕೊಂಡರು. 'ಸಂಸ್ಕಾರ' ಚಿತ್ರ ನೋಡಿದವರಿಗೆ ಚಂದ್ರಿಯಾಗಿ ನಟಿಸಿದ ಅವರ ಮುಖ ನೆನಪಿರುತ್ತದೆ. 1976ರ ಮೇ ತಿಂಗಳಲ್ಲಿ ಅವರನ್ನು ಹಿಡಿದು, ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಮೀಸಾ ಕಾಯ್ದೆಯಲ್ಲಿ ಇದೇ ಕೇಂದ್ರ ಕಾರಾಗೃಹದಲ್ಲಿಟ್ಟಿದ್ದರು. ಆಕೆಗೆ ಜೋರು ಉಬ್ಬಸ. ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು, 20ರಂದು ಜೀವ ಹೋಯಿತು. ನಾಲ್ವರು ನ್ಯಾಯಮೂರ್ತಿಗಳ ತೀರ್ಪು ಪುಸ್ತಕದಲ್ಲಿ ಓದುವಾಗ ಕಾನೂನಿನ ವಾದದಂತೆ ಕಾಣುತ್ತದೆ. ಅದರ ಅರ್ಥ ಏನೆಂದು ತಿಳಿಯಬೇಕಾದರೆ ಈ ಐದು ದಿನಗಳ ಲೆಕ್ಕ ನೋಡಬೇಕು. ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆಗೆ ನೇಮಕವಾದ ಷಾ ಆಯೋಗ ಆಮೇಲೆ ಕಲೆಹಾಕಿದ ಅಂಕಿಗಳ ಪ್ರಕಾರ, ಮೀಸಾ ಮತ್ತು ರಕ್ಷಣಾ ನಿಯಮಗಳಡಿ ಬಂಧನಕ್ಕೊಳಗಾದವರು 1 ಲಕ್ಷ 10 ಸಾವಿರಕ್ಕೂ ಹೆಚ್ಚು.

ಇನ್ನು ಬಾನುಲಿಯ ಪಾಡು. ಮಾಹಿತಿ ಮತ್ತು ಪ್ರಸಾರ ಮಂತ್ರಿಯಾಗಿದ್ದ ಇಂದರ್ ಕುಮಾರ್ ಗುಜ್ರಾಲ್ ಅವರನ್ನು ಕೆಲವೇ ದಿನಗಳಲ್ಲಿ ಎತ್ತಂಗಡಿ ಮಾಡಿ ವಿದ್ಯಾಚರಣ ಶುಕ್ಲ ಅವರನ್ನು ತಂದರು. ಸರ್ಕಾರ ಹೇಳಿದಂತೆ ಕೇಳಲಿಲ್ಲವೆಂದು ಕಿಶೋರ್ ಕುಮಾರ್ ಹಾಡುಗಳನ್ನೇ 1976ರ ಮೇ ತಿಂಗಳಿಂದ ಆಕಾಶವಾಣಿಯಲ್ಲಿ ನಿಲ್ಲಿಸಿದರು. ಪ್ರೇಮಗೀತೆಯಿಂದ ದೇಶದ ಭದ್ರತೆಗೆ ಏನು ಅಪಾಯವೋ! ನಗು ಬರುತ್ತದೆ, ಆದರೆ ಆ ಕಡತದ ಮೇಲೆ ಸಹಿ ಹಾಕಿದವರು ಯಾರೂ ನಕ್ಕಿರಲಿಕ್ಕಿಲ್ಲ. ಆಕಾಶವಾಣಿ ಎಂಬ ಹೆಸರನ್ನು ಬಾನುಲಿಗೆ ಇಟ್ಟದ್ದು 1935ರಲ್ಲಿ ಮೈಸೂರಿನಲ್ಲಿ, ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ನಿಲಯ ಹೂಡಿದ ಕಾಲದಲ್ಲಿ. ಒಬ್ಬ ಮೇಷ್ಟರ ಉತ್ಸಾಹದಿಂದ ಹುಟ್ಟಿದ ಹೆಸರು ನಲವತ್ತು ವರ್ಷದಲ್ಲಿ ಒಂದು ಮಂತ್ರಾಲಯದ ತುತ್ತೂರಿಯಾಯಿತು. ಪ್ರಸಾರ ಭಾರತಿ ಕಾಯ್ದೆ ಬಂದದ್ದು 1990ರಲ್ಲಿ, ಜಾರಿಯಾದದ್ದು 1997ರಲ್ಲಿ. ಈಗ ಎಷ್ಟು ಸ್ವಾಯತ್ತ ಎಂಬುದನ್ನು ದಿನವೂ ಕೇಳುವ ನೀವೇ ಹೇಳಬೇಕು. ನಾನು ಸ್ಟುಡಿಯೋದ ಒಳಗೆ ಕೂತಿದ್ದೇನೆ.

ಎಲ್ಲರೂ ಬಾಗಿದರು ಅನ್ನುವುದೂ ತಪ್ಪಾಗುತ್ತದೆ. ಶಿವರಾಮ ಕಾರಂತರು ತಮ್ಮ ಪದ್ಮಭೂಷಣವನ್ನು ಹಿಂತಿರುಗಿಸಿದರು. ವ್ಯಂಗ್ಯಚಿತ್ರಕಾರ ಅಬು ಅಬ್ರಹಾಂ 1975ರ ಡಿಸೆಂಬರಿನಲ್ಲಿ ಬರೆದ ಒಂದು ಚಿತ್ರವುಂಟು. ಸ್ನಾನದ ತೊಟ್ಟಿಯಲ್ಲಿ ಮಲಗಿರುವ ರಾಷ್ಟ್ರಪತಿ ಸಹಿ ಮಾಡಿದ ಸುಗ್ರೀವಾಜ್ಞೆಯನ್ನು ಬಾಗಿಲಾಚೆ ಚಾಚಿ, ಇನ್ನೂ ಇದ್ದರೆ ಸ್ವಲ್ಪ ಕಾಯಲು ಹೇಳಿ ಅನ್ನುತ್ತಾರೆ. ಇಡೀ ತುರ್ತು ಪರಿಸ್ಥಿತಿಯ ಕೆಲಸದ ರೀತಿ ಆ ಒಂದು ಚಿತ್ರದಲ್ಲಿದೆ. ಹಿಂಸೆಗಿಂತ ಹೆಚ್ಚಾಗಿ ಸಹಿ.

ಇದು ಹೀಗಾಗಬಹುದೆಂದು ಯಾರೂ ಎಣಿಸಿರಲಿಲ್ಲವೇ? ಎಣಿಸಿದ್ದರು, ಅದೂ ಮಂಗಳೂರಿನಲ್ಲಿ ಹುಟ್ಟಿದ ಒಬ್ಬರು. ಹರಿ ವಿಷ್ಣು ಕಾಮತ್, ಐಸಿಎಸ್ ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಬಂದವರು. ಸಂವಿಧಾನ ಸಭೆಯಲ್ಲಿ ಅವರು ಎದ್ದು ನಿಂತರೆ ತಿದ್ದುಪಡಿ ತಂದೇ ತರುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. 1949ರ ಆಗಸ್ಟಿನಲ್ಲಿ ತುರ್ತು ಪರಿಸ್ಥಿತಿಯ ಅಧ್ಯಾಯ ಚರ್ಚೆಗೆ ಬಂದಾಗ, ಇದರಿಂದ ಪೊಲೀಸ್ ರಾಜ್ಯಕ್ಕೆ ಅಡಿಪಾಯ ಹಾಕುತ್ತಿದ್ದೇವೆ ಎಂದು ಅವರು ಎಚ್ಚರಿಸಿದರು. ಜರ್ಮನಿಯ ವೈಮಾರ್ ಸಂವಿಧಾನಕ್ಕೆ ಆದ ಗತಿಯನ್ನು ನೆನಪಿಸಿದರು. ಅಲ್ಲಿ 48ನೇ ವಿಧಿಯಲ್ಲಿ ಅಧ್ಯಕ್ಷನಿಗೆ ಇಂಥದೇ ಅಧಿಕಾರವಿತ್ತು. 1933ರ ಫೆಬ್ರವರಿ 27ರಂದು ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಆ ವಿಧಿಯಡಿ ನಾಗರಿಕ ಹಕ್ಕುಗಳೆಲ್ಲ ಅಮಾನತಾದವು. ಒಂದು ತಿಂಗಳೊಳಗೆ, ಮಾರ್ಚ್ 23ರಂದು, ಸಂಸತ್ತೇ ತನ್ನ ಅಧಿಕಾರವನ್ನು ಹಿಟ್ಲರನ ಕೈಗಿಟ್ಟಿತು. ವಿರುದ್ಧ ಮತ ಹಾಕಿದವರು ಸೋಷಿಯಲ್ ಡೆಮಾಕ್ರಾಟರು 94 ಮಂದಿ ಮಾತ್ರ.

ಕಾಮತರ ಮಾತು ನಡೆಯಲಿಲ್ಲ. ಅದಕ್ಕೆ ಕಾರಣವೂ ಇತ್ತು. ದೇಶ ಆಗತಾನೆ ಒಡೆದಿತ್ತು, ಹೈದರಾಬಾದು, ಕಾಶ್ಮೀರದ ಗಾಯ ಹಸಿಯಾಗಿತ್ತು. ಗಟ್ಟಿ ಕೇಂದ್ರ ಬೇಕೆಂದವರು ದುರುಳರೇನಲ್ಲ. ಅಧಿಕಾರ ಯಾರ ಕೈಗೆ ಹೋಗಬಹುದು ಎಂದು ಯೋಚಿಸುವ ಬದಲು, ಆಗ ಯಾರ ಕೈಯಲ್ಲಿತ್ತು ಎಂಬುದನ್ನು ನೋಡಿ ವಿಧಿ ಬರೆದರು. ನೆಹರೂ ಇದ್ದರು, ಪಟೇಲರಿದ್ದರು, ನಂಬಿಕೆಯಿತ್ತು. ಒಳ್ಳೆಯವರ ಕಾಲದಲ್ಲಿ ಬರೆದ ಕಾನೂನಿಗೆ ಇರುವ ಅಪಾಯವೇ ಇದು.

ಈಗ ನಾವು ಕನ್ನಡಿಗರು ಸಾಮಾನ್ಯವಾಗಿ ಎತ್ತದ ಒಂದು ವಿಷಯಕ್ಕೆ ಬರುತ್ತೇನೆ. 1977ರ ಮಾರ್ಚಿನಲ್ಲಿ ಚುನಾವಣೆ ನಡೆದಾಗ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿ ಹಾಕಿತು, ಇಂದಿರಾ ಅವರೇ ಸೋತರು. ಕರ್ನಾಟಕದಲ್ಲಿ? 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ. ಮರುವರ್ಷ ನವೆಂಬರಿನಲ್ಲಿ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರ ವಿರುದ್ಧ 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಇಂದಿರಾ ಅವರನ್ನು ಮತ್ತೆ ಲೋಕಸಭೆಗೆ ಕಳಿಸಿದವರು ನಾವೇ. ತುರ್ತು ಪರಿಸ್ಥಿತಿಯ ವಿರುದ್ಧ ಸೆಟೆದು ನಿಂತ ಜನತೆ ಎಂದು ಭಾಷಣ ಮಾಡುವವರು ಈ ಲೆಕ್ಕವನ್ನು ಮೆಲ್ಲಗೆ ದಾಟಿ ಹೋಗುತ್ತಾರೆ.

ನಮ್ಮವರು ದಡ್ಡರಾಗಿದ್ದರೇ? ಗೇಣಿದಾರನ ಕಣ್ಣಿನಿಂದ ನೋಡಿದರೆ ಹಾಗನ್ನಿಸುವುದಿಲ್ಲ. ಉತ್ತರದ ಹಳ್ಳಿಗಳಲ್ಲಿ ತುರ್ತು ಪರಿಸ್ಥಿತಿ ಅಂದರೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ. ಇಲ್ಲಿ ಆ ಉಪಟಳ ಅಷ್ಟು ತೀವ್ರವಾಗಿರಲಿಲ್ಲ. ಇಲ್ಲಿ ದೇವರಾಜ ಅರಸು ಮುಖ್ಯಮಂತ್ರಿ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ ಕೂತಿತ್ತು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ಕಡೆ ತಲೆಮಾರುಗಳಿಂದ ಅಕ್ಕಿ ಅಳೆದು ಕೊಟ್ಟವರು ಅದೇ ಗದ್ದೆಗೆ ಒಡೆಯರಾಗುತ್ತಿದ್ದರು. ಹಿಂದುಳಿದ ವರ್ಗಗಳ ಬಗ್ಗೆ ಹಾವನೂರು ಆಯೋಗದ ವರದಿ ಬಂದಿತ್ತು. ದಿಲ್ಲಿಯಲ್ಲಿ ಪತ್ರಿಕೆಯ ಬಾಯಿ ಕಟ್ಟಿದ್ದು ಪತ್ರಿಕೆ ಓದಲು ಬಾರದ, ಆದರೆ ಮೊದಲ ಸಲ ಪಹಣಿಯಲ್ಲಿ ತನ್ನ ಹೆಸರು ಕಂಡ ಗೇಣಿದಾರನಿಗೆ ಎಷ್ಟು ದೊಡ್ಡ ಸಂಗತಿ? ಆ ನ್ಯಾಯಮಂಡಳಿಗಳಿಗೆ ವಕೀಲರು ಬರುವಂತಿಲ್ಲ ಎಂಬ ನಿಯಮವಿತ್ತು. ಧಣಿಗೆ ವಕೀಲ ಸಿಗುತ್ತಾನೆ, ಒಕ್ಕಲಿಗೆ ಸಿಗುವುದಿಲ್ಲ ಎಂಬ ಅನುಭವದಿಂದ ಬಂದ ನಿಯಮ ಅದು. ಕೋರ್ಟು ಕಚೇರಿ ಅಂದರೆ ತನ್ನನ್ನು ಒಕ್ಕಲೆಬ್ಬಿಸುವ ಜಾಗ ಎಂದಷ್ಟೇ ತಿಳಿದವನಿಗೆ, ಕೋರ್ಟಿನ ಬಾಗಿಲು ಮುಚ್ಚಿತೆಂಬ ದುಃಖ ಎಲ್ಲಿಂದ ಬರಬೇಕು?

1949ರ ನವೆಂಬರ್ 25ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಕೊನೆಯ ದೊಡ್ಡ ಭಾಷಣ ಮಾಡಿದರು. ಮತದಲ್ಲಿ ಸಮಾನರಾಗಿ ಬದುಕಿನಲ್ಲಿ ಅಸಮಾನರಾಗಿ ಉಳಿದರೆ, ಆ ಅಸಮಾನತೆಯಿಂದ ನೊಂದವರೇ ಈ ಕಟ್ಟಡವನ್ನು ಕೆಡವುತ್ತಾರೆ ಎಂಬ ಭಾವದ ಮಾತು ಅದರಲ್ಲಿದೆ. ರಾಜಕೀಯದಲ್ಲಿ ವ್ಯಕ್ತಿಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂಬ ಎಚ್ಚರಿಕೆಯೂ ಅದೇ ಭಾಷಣದಲ್ಲಿದೆ. ಎರಡನೆಯದನ್ನು ನಾವು ಆಗಾಗ ಉಲ್ಲೇಖಿಸುತ್ತೇವೆ, ನಮಗಾಗದ ನಾಯಕರ ವಿಷಯದಲ್ಲಿ. ಮೊದಲನೆಯದನ್ನು ಮರೆಯುತ್ತೇವೆ. 1977ರ ಕರ್ನಾಟಕದ ಫಲಿತಾಂಶ ನನಗೆ ಮೊದಲನೆಯದನ್ನು ನೆನಪಿಸುತ್ತದೆ.

ಜನತಾ ಸರ್ಕಾರ ಬಂದು ಮಾಡಿದ ದುರಸ್ತಿಯ ಹೆಸರು 44ನೇ ತಿದ್ದುಪಡಿ, 1978. ಪರೀಕ್ಷೆಗೆ ಓದುವವರನ್ನು ಬಿಟ್ಟರೆ ಇದನ್ನು ಯಾರೂ ಓದುವುದಿಲ್ಲ, ಅಷ್ಟು ಒಣ ಪಠ್ಯ. ಕೆರೆ ಏರಿ ಕಾಯುವ ನೀರುಗಂಟಿ ಏಡಿ ಬಿಲ ಹುಡುಕಿ ಹುಡುಕಿ ಮಣ್ಣು ಮೆತ್ತುತ್ತಾನಲ್ಲ, ಅಂಥ ಕೆಲಸ. ಒಂದೊಂದು ಬಿಲವೂ ಜೂನ್ 25ರ ರಾತ್ರಿ ಕಂಡದ್ದೇ. ಸಂಪುಟಕ್ಕೆ ಗೊತ್ತಿಲ್ಲದೆ ಸಹಿಯಾಯಿತೇ? ಇನ್ನು ಮೇಲೆ ಸಂಪುಟದ ನಿರ್ಧಾರ ಬರಹದಲ್ಲಿ ಬರದೆ ರಾಷ್ಟ್ರಪತಿ ಸಹಿ ಮಾಡುವಂತಿಲ್ಲ. ಆಂತರಿಕ ಕ್ಷೋಭೆ ಎಂಬ ಕಾರಣಕ್ಕೆ ಯಾವ ಮೆರವಣಿಗೆಯನ್ನೂ ಎಳೆದು ತರಬಹುದಿತ್ತು. ಅದನ್ನು ತೆಗೆದು ಸಶಸ್ತ್ರ ದಂಗೆ ಎಂದು ಮಾಡಿದರು. ಒಂದು ತಿಂಗಳೊಳಗೆ ಸಂಸತ್ತು ವಿಶೇಷ ಬಹುಮತದಿಂದ ಒಪ್ಪಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಬೇಕು. ಲೋಕಸಭೆಯ ಹತ್ತನೇ ಒಂದು ಭಾಗ ಸದಸ್ಯರು ಬರೆದು ಕೇಳಿದರೆ ವಿಶೇಷ ಅಧಿವೇಶನ ಕರೆಯಲೇಬೇಕು. ಜೀವದ ಹಕ್ಕನ್ನು, ಅಂದರೆ 21ನೇ ವಿಧಿಯನ್ನು, ಯಾವ ತುರ್ತಿನಲ್ಲೂ ಅಮಾನತಿನಲ್ಲಿಡುವಂತಿಲ್ಲ. ಕಾಮತರು ಆ ಲೋಕಸಭೆಯ ಸದಸ್ಯರಾಗಿದ್ದರು. 1949ರಲ್ಲಿ ಹೇಳಿದ್ದಕ್ಕೆ ಉತ್ತರ ಸಿಗಲು ಇಪ್ಪತ್ತೊಂಬತ್ತು ವರ್ಷ ಹಿಡಿಯಿತು.

ಖನ್ನಾ ಅವರ ಭಿನ್ನ ತೀರ್ಪಿಗೆ ಇನ್ನೂ ಹೆಚ್ಚು ಹಿಡಿಯಿತು. 2017ರ ಆಗಸ್ಟಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ 1976ರ ತೀರ್ಪನ್ನು ತಳ್ಳಿಹಾಕಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಳೆಯ ತೀರ್ಪು ತಪ್ಪೆಂದು ಬರೆದವರಲ್ಲಿ ಡಿ.ವೈ. ಚಂದ್ರಚೂಡ್ ಒಬ್ಬರು, ಆ ನಾಲ್ವರಲ್ಲಿ ಒಬ್ಬರಾಗಿದ್ದ ವೈ.ವಿ. ಚಂದ್ರಚೂಡ್ ಅವರ ಮಗ.

ದೊಡ್ಡ ಸಂವಿಧಾನ ಪ್ರಕರಣಗಳಲ್ಲಿ ನಮ್ಮ ಕಡೆಯವರ ಹೆಸರು ಮೇಲಿಂದ ಮೇಲೆ ಬರುವುದು ವಿಶೇಷವೇ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೋರ್ಟಿಗೆ ಹೋದದ್ದು ಕೇರಳ ಸರ್ಕಾರದ ಭೂಮಿತಿ ಕಾಯ್ದೆಯಿಂದ ಮಠದ ಭೂಮಿ ಹೋಗುತ್ತದೆಂದು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು, ಏಳಕ್ಕೆ ಆರರ ಅಂತರದಲ್ಲಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂದರು. ಸ್ವಾಮಿಗಳಿಗೆ ಭೂಮಿ ಉಳಿಯಲಿಲ್ಲ, ಹೆಸರು ಉಳಿಯಿತು. ಪ್ರಧಾನಿಯ ಚುನಾವಣೆಯನ್ನು ಯಾವ ಕೋರ್ಟೂ ಪ್ರಶ್ನಿಸಬಾರದೆಂದು 1975ರ ಆಗಸ್ಟಿನಲ್ಲಿ ತಂದ 39ನೇ ತಿದ್ದುಪಡಿಯ ಆ ಭಾಗವನ್ನು ಅದೇ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೊಡೆದುಹಾಕಿದ್ದು ಈ ಸಿದ್ಧಾಂತದ ಬಲದಿಂದಲೇ. ಒಂದು ಮತ ಆಚೀಚೆಯಾಗಿದ್ದರೆ? ಯೋಚಿಸಿದರೆ ಈಗಲೂ ಬೆವರುತ್ತದೆ.

ಎಸ್.ಆರ್. ಬೊಮ್ಮಾಯಿಯವರ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಅದರ ಫಲ ಈಗಲೂ ನಮ್ಮ ಊಟದ ತಟ್ಟೆಯಲ್ಲಿದೆ. 1989ರ ಏಪ್ರಿಲ್. ಬೊಮ್ಮಾಯಿ ಮುಖ್ಯಮಂತ್ರಿ, ಸಂಪುಟ ವಿಸ್ತರಣೆಯಾಗಿ ಎರಡು ದಿನವಾಗಿದೆ. ಜನತಾದಳದ ಶಾಸಕ ಕೆ.ಆರ್. ಮೊಳಕೇರಿ ಅವರು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರನ್ನು ಕಂಡು, ಬೆಂಬಲ ಹಿಂತೆಗೆದುಕೊಂಡ 19 ಶಾಸಕರ ಪತ್ರಗಳನ್ನು ಕೊಟ್ಟರು. 19ರಂದು ರಾಜ್ಯಪಾಲರ ವರದಿ ದಿಲ್ಲಿಗೆ ಹೋಯಿತು. 20ರಂದು ಆ ಹತ್ತೊಂಬತ್ತರಲ್ಲಿ ಏಳು ಶಾಸಕರು, ನಮಗೆ ತಪ್ಪು ತಿಳಿವಳಿಕೆ ಕೊಟ್ಟು ಸಹಿ ಮಾಡಿಸಿಕೊಂಡರು, ನಾವು ಸರ್ಕಾರದ ಕಡೆಯೇ ಎಂದು ಬರೆದರು. ಬೊಮ್ಮಾಯಿ ಹೋಗಿ, ಸದನ ಕರೆಯಿರಿ, ಬಹುಮತ ಅಲ್ಲೇ ತೋರಿಸುತ್ತೇನೆ ಎಂದರು. ಅಧಿವೇಶನ ಹೇಗೂ 27ಕ್ಕೆ ನಿಗದಿಯಾಗಿತ್ತು, ಇನ್ನೂ ಮುಂಚೆ ಬೇಕಾದರೂ ಸರಿ ಎಂದರು. ರಾಜಭವನದಿಂದ ವಿಧಾನಸೌಧಕ್ಕೆ ಇರುವುದು ಕಾಲ್ನಡಿಗೆಯ ದೂರ. ರಾಜ್ಯಪಾಲರಿಗೆ ಅದು ದಿಲ್ಲಿಗಿಂತ ದೂರ ಕಂಡಿತು. 21ರಂದು 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ ಬಂತು, ವಿಧಾನಸಭೆ ವಿಸರ್ಜನೆಯಾಯಿತು.

ಈ 356ನೇ ವಿಧಿ ಬಳಕೆಯಾಗದೆ ಪುಸ್ತಕದಲ್ಲೇ ಉಳಿಯುತ್ತದೆಂದು ಅಂಬೇಡ್ಕರ್ ಆಶಿಸಿದ್ದರು. 1959ರಲ್ಲಿ ಕೇರಳದ ನಂಬೂದಿರಿಪಾಡರ ಸರ್ಕಾರವನ್ನು ವಜಾ ಮಾಡಿದ್ದೂ ಸೇರಿದಂತೆ ಅದು ಪುಸ್ತಕದಿಂದ ಹೊರಬಂದ ಪರಿ ಎಲ್ಲರಿಗೂ ಗೊತ್ತು. ಪ್ರಜಾಪ್ರಭುತ್ವಕ್ಕಾಗಿ ಜೈಲು ಕಂಡವರೇ ಸೇರಿ ಕಟ್ಟಿದ ಜನತಾ ಸರ್ಕಾರ 1977ರಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ಒಟ್ಟಿಗೇ ವಿಸರ್ಜಿಸಿತು, ವರ್ಷದ ಕೊನೆಯ ದಿನ ಕರ್ನಾಟಕದ ಅರಸು ಸರ್ಕಾರವನ್ನೂ ವಜಾ ಮಾಡಿತು. 1980ರಲ್ಲಿ ಇಂದಿರಾ ಹಿಂತಿರುಗಿ ಬಂದು ಒಂಬತ್ತಕ್ಕೆ ಒಂಬತ್ತು ಎಂದು ಸೇಡು ತೀರಿಸಿಕೊಂಡರು. 1975ರ ಬಿಲ ಮುಚ್ಚಿದ ಕೈಗಳೇ ಪಕ್ಕದ ಬಿಲವನ್ನು ಹಾಗೇ ಬಿಟ್ಟವು, ಅದರಿಂದ ಉಪಯೋಗವಿತ್ತಲ್ಲ.

ಬೊಮ್ಮಾಯಿ ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ ಮುಖ್ಯ ಮಾತು ಎಷ್ಟು ಸರಳವೆಂದರೆ, ಇದಕ್ಕೆ ಸುಪ್ರೀಂ ಕೋರ್ಟು ಬೇಕಿತ್ತೇ ಅನ್ನಿಸುತ್ತದೆ. ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದನ್ನು ಸದನದಲ್ಲಿ ತಲೆ ಎಣಿಸಿ ನೋಡಬೇಕು, ರಾಜ್ಯಪಾಲರ ಮನಸ್ಸಿನಲ್ಲಿ ಅಲ್ಲ. ಜೊತೆಗೆ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು. ಸಂಸತ್ತು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಘೋಷಣೆ ತಪ್ಪಾಗಿದ್ದರೆ ಸರ್ಕಾರವನ್ನು ಮತ್ತೆ ಕೂಡಿಸಬಹುದು. ಬೊಮ್ಮಾಯಿಯವರನ್ನು ಕೂಡಿಸಲಾಗಲಿಲ್ಲ. ಅಷ್ಟರಲ್ಲಿ ಐದು ವರ್ಷ ಕಳೆದು ಚುನಾವಣೆಯೂ ಆಗಿ ಹೋಗಿತ್ತು. ಕೇಶವಾನಂದರ ಹಾಗೆ ಅವರಿಗೂ ಸಿಕ್ಕಿದ್ದು ಕಾನೂನು ಪುಸ್ತಕದಲ್ಲಿ ಒಂದು ಹೆಸರು.

ಆದರೆ ನಮಗೆ ಸಿಕ್ಕಿತು. 2018ರ ಮೇ ತಿಂಗಳಲ್ಲಿ ಯಾರಿಗೂ ಬಹುಮತ ಬರದಾಗ ರಾಜ್ಯಪಾಲರು ಬಿ.ಎಸ್. ಯಡಿಯೂರಪ್ಪ ಅವರನ್ನು ಕರೆದು, ಬಹುಮತ ತೋರಿಸಲು 15 ದಿನ ಕೊಟ್ಟರು. ಸುಪ್ರೀಂ ಕೋರ್ಟು ನಡುರಾತ್ರಿ ಕಳೆದ ಮೇಲೆ ಕೂತು ಅರ್ಜಿ ಕೇಳಿತು. ಆಮೇಲೆ ಮೇ 19ರ ಸಂಜೆ ನಾಲ್ಕಕ್ಕೆ ಸದನದಲ್ಲೇ ಎಣಿಕೆಯಾಗಲಿ ಎಂದಿತು. ಮತಕ್ಕೆ ಹಾಕುವ ಮುನ್ನವೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಗಲಾಟೆಯಿಲ್ಲ, ಲಾಠಿಯಿಲ್ಲ. ಇಡೀ ರಾಜ್ಯ ಟಿವಿ, ರೇಡಿಯೋ ಮುಂದೆ ಕೂತು ಅಧಿಕಾರ ಕೈ ಬದಲಾಯಿಸುವುದನ್ನು ನೋಡಿತು. ಯಾವ ಪಕ್ಷ ಗೆದ್ದಿತು ಎಂಬುದು ನನಗಿಲ್ಲಿ ಮುಖ್ಯವಲ್ಲ. ಹದಿನೈದು ದಿನದ ಗಡುವು ಕುಗ್ಗಿದ್ದು ಮುಖ್ಯ. ಹದಿನೈದು ದಿನ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ತಿಳಿಯಲು ಮರುವರ್ಷವನ್ನು ನೋಡಿದರೆ ಸಾಕು.

ರೆಸಾರ್ಟ್ ರಾಜಕಾರಣ ಎಂಬ ಪದವನ್ನು ನಮ್ಮ ಮಕ್ಕಳೂ ಬಲ್ಲರು. 1984ರಲ್ಲಿ ಆಂಧ್ರದ ಎನ್.ಟಿ. ರಾಮರಾವ್ ತಮ್ಮ ಶಾಸಕರನ್ನು ಕಾಪಾಡಿಕೊಳ್ಳಲು ಕರ್ನಾಟಕಕ್ಕೆ ಕಳಿಸಿದ್ದರು, ಇಲ್ಲಿ ರಾಮಕೃಷ್ಣ ಹೆಗಡೆ ಆತಿಥ್ಯ ವಹಿಸಿದ್ದರು. ಆಗಲೇ ಈ ಕಸುಬಿನಲ್ಲಿ ನಮಗೆ ಕೈ ಕುದುರಿತೇನೋ. 1975ರಲ್ಲಿ ಬೆಂಗಳೂರಿನಲ್ಲಿ ಅರ್ಧಕ್ಕೆ ನಿಂತ ಆ ಪಕ್ಷಾಂತರ ನಿಷೇಧದ ಕೆಲಸ 1985ರಲ್ಲಿ 52ನೇ ತಿದ್ದುಪಡಿಯಾಗಿ ಬಂತು. ಪಕ್ಷ ಬಿಟ್ಟರೆ ಸದಸ್ಯತ್ವ ಹೋಗುತ್ತದೆ ಎಂದಿತು ಅದು. ಸರಿ, ಹೋಗಲಿ ಎಂದು ರಾಜೀನಾಮೆಯನ್ನೇ ಕೊಟ್ಟು, ಇನ್ನೊಂದು ಪಕ್ಷದ ಟಿಕೆಟಿನಲ್ಲಿ ಉಪಚುನಾವಣೆಗೆ ನಿಲ್ಲುವ ಉಪಾಯವನ್ನು ನಮ್ಮವರು ಕಂಡುಕೊಂಡರು. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ 99ಕ್ಕೆ 105 ಮತಗಳಿಂದ ಬಿತ್ತು. ತಲೆ ಎಣಿಕೆ ಸದನದಲ್ಲೇ ಆಯಿತು, ಬೊಮ್ಮಾಯಿ ತೀರ್ಪಿಗೆ ಕಿಂಚಿತ್ತೂ ಭಂಗವಿಲ್ಲ. ಎಣಿಸಬೇಕಾದ ತಲೆಗಳೇ ಸದನದಲ್ಲಿರಲಿಲ್ಲ. ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಚುನಾವಣೆಗೆ ನಿಲ್ಲಲು ಬಿಟ್ಟಿತು. ನಿಂತವರಲ್ಲಿ ಬಹುಪಾಲು ಗೆದ್ದರು. ಅವರನ್ನು ಗೆಲ್ಲಿಸಿದ್ದು ಕೋರ್ಟಲ್ಲ, ರಾಜ್ಯಪಾಲರಲ್ಲ.

ಕೊನೆಗೆ ಒಂದು ಲೆಕ್ಕ. ತುರ್ತು ಪರಿಸ್ಥಿತಿಯ ದೊಡ್ಡ ಅಪರಾಧಗಳಲ್ಲಿ ಒಂದು, ಚುನಾವಣೆ ಮುಂದೂಡಿದ್ದು. ಐದನೇ ಲೋಕಸಭೆ 1971ರ ಮಾರ್ಚಿನಲ್ಲಿ ರಚನೆಯಾಯಿತು, 1977ರ ಜನವರಿಯಲ್ಲಿ ವಿಸರ್ಜನೆಯಾಯಿತು. ಐದು ವರ್ಷದ ಮೇಲೆ ಹತ್ತು ತಿಂಗಳು. ಅದಕ್ಕಾಗಿ ಕಾನೂನು ತರಬೇಕಾಯಿತು, ಇತಿಹಾಸದಲ್ಲಿ ಕಪ್ಪು ಅಧ್ಯಾಯವಾಗಬೇಕಾಯಿತು. ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಐದು ವರ್ಷ ತುಂಬಿದರೂ ಹೊಸ ಸಭೆ ಬಂದಿರಲಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ಅಲ್ಲೂ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ರಾಜ್ಯಭಾರ. ಅಬ್ದುಲ್ ನಜೀರ್ ಸಾಬರು ಜಿಲ್ಲಾ ಪರಿಷತ್ತು ಕಟ್ಟಿ ದೇಶಕ್ಕೇ ಮಾದರಿ ತೋರಿದ ರಾಜ್ಯ ಇದು.

ಎರಡೂ ಸಮ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಯಾರನ್ನೂ ಜೈಲಿಗೆ ಹಾಕಿಲ್ಲ, ಪತ್ರಿಕೆ ಮುಚ್ಚಿಸಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನದಲ್ಲಿ ಬರೆದಿದೆ, 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿದೆ. 2020ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟು ಪಾಲಿಕೆ ಚುನಾವಣೆ ನಡೆಸಿ ಎಂದಿತು. ರಾಜ್ಯ ಸರ್ಕಾರ ದಿಲ್ಲಿಗೆ ಹೋಗಿ ತಡೆ ತಂದಿತು. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ ಪಟ್ಟಿ, ಹೊಸ ಕಾಯ್ದೆ ಎಂದು ಒಂದಾದ ಮೇಲೊಂದು ಕಾರಣ ಬಂತು. ಈ ನಡುವೆ ಒಂದು ಪಕ್ಷ ಹೋಗಿ ಇನ್ನೊಂದು ಪಕ್ಷ ಅಧಿಕಾರಕ್ಕೆ ಬಂತು, ಈ ವಿಷಯದಲ್ಲಿ ಮಾತ್ರ ಇಬ್ಬರ ನಡುವೆ ಭಿನ್ನಾಭಿಪ್ರಾಯ ಕಾಣಲಿಲ್ಲ. ನಲ್ಲಿಯಲ್ಲಿ ನೀರು ನಿಂತಾಗ, ರಸ್ತೆಗುಂಡಿಯಲ್ಲಿ ಹುಡುಗ ಬಿದ್ದಾಗ, ನಿಮ್ಮ ಮತ ಕೇಳಲು ಮುಂದಿನ ವರ್ಷ ಮನೆಗೆ ಬರಲೇಬೇಕಾದ ಒಬ್ಬ ವ್ಯಕ್ತಿ ವಾರ್ಡಿನಲ್ಲಿರಲಿಲ್ಲ. ಇದ್ದವರು ಅಧಿಕಾರಿಗಳು, ಅವರ ವರ್ಗಾವಣೆ ನಿಮ್ಮ ಕೈಯಲ್ಲಿಲ್ಲ.

ಇದರ ವಿರುದ್ಧ ರಾಮಲೀಲಾ ಮೈದಾನದಂಥ ಸಭೆಯೇನೂ ಬೇಕಿಲ್ಲ. ನಿಮ್ಮ ಶಾಸಕರು ಮದುವೆಗೋ ಗೃಹಪ್ರವೇಶಕ್ಕೋ ಸಿಕ್ಕಾಗ, ನಮ್ಮ ವಾರ್ಡಿನ ಸದಸ್ಯರನ್ನು ಆರಿಸುವ ಚುನಾವಣೆ ಅಷ್ಟು ವರ್ಷ ಯಾಕೆ ನಡೆಯಲಿಲ್ಲ ಸ್ವಾಮಿ ಎಂದು ನಾಲ್ಕು ಜನರ ಎದುರು ಕೇಳಿ. ಅವರು ಕೊಡುವ ಕಾರಣ ಕೇಳಿಸಿಕೊಂಡು, ಮುಂದಿನ ಚುನಾವಣೆ ಯಾವ ತಿಂಗಳಲ್ಲಿ ಎಂದು ಮತ್ತೆ ಕೇಳಿ.